ನಮ್ಮ ಹೆಸರಿಗೆ ಟೆಂಡರು, ಅವರ ಜೇಬಿಗೆ ಬಿಲ್ಲು

ಕಳೆದ ಶ್ರಾವಣದಲ್ಲಿ ನಮ್ಮ ಸಂಘದ ಮನೆಗೆ ಒಬ್ಬ ಹೆಣ್ಣುಮಗಳು ಬಂದಳು. ವಯಸ್ಸು ಇಪ್ಪತ್ತಾರೋ ಇಪ್ಪತ್ತೇಳೋ ಇರಬೇಕು. ನಮ್ಮಲ್ಲಿಗೆ ಬರುವ ಹೆಣ್ಣುಮಕ್ಕಳು ಮೊದಲು ಸೆರಗು ಸರಿಸಿ ಮೈಮೇಲಿನ ಬಾಸುಂಡೆ ತೋರಿಸುತ್ತಾರೆ, ಇಲ್ಲವೆ ಒಂದು ಗಂಟೆ ಅಳುತ್ತಾರೆ. ಇವಳು ಎರಡನ್ನೂ ಮಾಡಲಿಲ್ಲ. ಒಂದು ಪ್ಲಾಸ್ಟಿಕ್ ಚೀಲದಿಂದ ಕಾಗದಗಳನ್ನು ತೆಗೆದು ಜಮಖಾನೆಯ ಮೇಲೆ ಹರಡಿದಳು. ಬ್ಯಾಂಕಿನ ಸಾಲದ ನೋಟೀಸು, ಜಿ.ಎಸ್.ಟಿ. ಕಚೇರಿಯ ನೋಟೀಸು, ಉದ್ಯಮ್ ನೋಂದಣಿಯ ಪತ್ರ, ಒಂದು ಸರಬರಾಜು ಆದೇಶ. ಎಲ್ಲದರ ಮೇಲೂ ಅವಳದೇ ಹೆಸರು.

"ಇವೆಲ್ಲ ನನ್ನ ಹೆಸರಿಲೆ ಅದಾವ್ರಿ ಅಕ್ಕಾರ. ಆದ್ರ ಇದೇನಂತ ನನಗ ಗೊತ್ತಿಲ್ರಿ" ಎಂದಳು.

ಕೇಳಿದಷ್ಟು ಹೇಳುತ್ತೇನೆ. ಅವಳ ಹೆಸರು ಬೇಡ, ಊರೂ ಬೇಡ. ಗಂಡ ಸರಕಾರಿ ಹಾಸ್ಟೆಲುಗಳಿಗೂ ಕಚೇರಿಗಳಿಗೂ ಸಾಮಾನು ಸರಬರಾಜು ಮಾಡುವ ಸಣ್ಣ ಗುತ್ತಿಗೆದಾರ. ಮದುವೆಯಲ್ಲಿ ಬಂಗಾರ, ರೊಕ್ಕ ಎಲ್ಲ ಮುಗಿದಿತ್ತು. ಆಮೇಲೆ ಶುರುವಾದದ್ದು ಟೆಂಡರಿನ ವರದಕ್ಷಿಣೆ. ಟೆಂಡರು ಹಾಕಬೇಕಾದರೆ ಮೊದಲು ಇ.ಎಂ.ಡಿ. ಎಂದು ಠೇವಣಿ ಇಡಬೇಕಲ್ಲ, ಪ್ರತಿ ಸಲ ಟೆಂಡರು ಕರೆದಾಗಲೂ "ನಿಮ್ಮಪ್ಪಗ ಫೋನ್ ಹಚ್ಚು" ಎನ್ನುತ್ತಿದ್ದ. ಅಪ್ಪ ಮೊದಲು ಎತ್ತು ಮಾರಿದ, ನಂತರ ಹೊಲ. ಮಾರಲು ಏನೂ ಉಳಿಯದಾದಾಗ ಅಳಿಯನಿಗೆ ಇನ್ನೊಂದು ದಾರಿ ಹೊಳೆಯಿತು. ಹೆಂಗಸರ ಹೆಸರಿನಲ್ಲಿ ಸಣ್ಣ ಉದ್ಯಮ ಇದ್ದರೆ ಕೇಂದ್ರ ಸರಕಾರದ ಕಚೇರಿಗಳಲ್ಲಿ ಠೇವಣಿ ಇಲ್ಲ, ಪಾಲೂ ಇದೆ ಎಂದು ಯಾರೋ ಹೇಳಿದರು. ಹೆಂಡತಿಯ ಹೆಸರಿನಲ್ಲಿ ನೋಂದಣಿ ಆಯಿತು. ಬಟ್ಟೆ ತಯಾರಕರು ಎಂದು ಬರೆಸಿದ್ದ. ಆ ಮನೆಯಲ್ಲಿ ಒಂದು ಹೊಲಿಗೆ ಯಂತ್ರವೂ ಇರಲಿಲ್ಲ.

ಬಿಲ್ಲು ಬಂದಾಗ ರೊಕ್ಕ ಅವನ ಕೈಗೆ. ತೆರಿಗೆ ಕಟ್ಟದೆ ನೋಟೀಸು ಬಂದಾಗ ಅದು ಇವಳ ಕೈಗೆ. ಒಂದು ದಿನ ಖಾಲಿ ಚೆಕ್ಕುಗಳಿಗೆ ಸಹಿ ಹಾಕಲು ಒಲ್ಲೆ ಎಂದಳು. ಅಂದು ರಾತ್ರಿ ಹೊಡೆತ ಬಿದ್ದದ್ದು ಸಹಿಗಾಗಿ. ಸಾರು ಉಪ್ಪಾಯಿತೆಂದು, ಹೆಣ್ಣು ಹೆತ್ತಳೆಂದು ಹೊಡೆತ ತಿಂದವರ ಕತೆ ಮೂವತ್ತು ವರ್ಷ ಕೇಳಿದ್ದೇನೆ. ಸಹಿ ಹಾಕಲಿಲ್ಲವೆಂದು ಹೊಡೆತ ತಿಂದವಳನ್ನು ಕಂಡದ್ದು ಅದೇ ಮೊದಲು.

ವರದಕ್ಷಿಣೆ ಮತ್ತು ದೌರ್ಜನ್ಯದ ಬಗ್ಗೆ ಬರೆಯುವ ಈ ಪತ್ರಿಕೆಯಲ್ಲಿ ಟೆಂಡರಿನ ಮಾತೇಕೆ ಎಂದು ನೀವು ಕೇಳಬಹುದು. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005 ಆರ್ಥಿಕ ದೌರ್ಜನ್ಯವನ್ನೂ ದೌರ್ಜನ್ಯವೆಂದೇ ಕರೆದಿದೆ, ಅದೊಂದು ಕಾರಣ. ಆ ಹೆಣ್ಣುಮಗಳ ಅರ್ಜಿಯನ್ನು ನಾವು ಅದೇ ಕಾಯ್ದೆಯ ಕೆಳಗೆ ಬರೆಸಿದೆವು. ಆದರೆ ನನ್ನ ಕಾರಣ ಇನ್ನೂ ಹಳೆಯದು. ನಾನು ತೊಂಬತ್ತರ ದಶಕದ ಮೊದಲಲ್ಲಿ ವಿಜಾಪುರ ಜಿಲ್ಲೆಯಲ್ಲಿ ಮಹಿಳಾ ಸಮಖ್ಯಾದ ಸಂಘದಿಂದ ಈ ಕೆಲಸಕ್ಕೆ ಬಂದವಳು. ಅಂದಿನಿಂದ ಎಷ್ಟೋ ಜಗಳಗಳ ನಡುವೆ ಕುಳಿತಿದ್ದೇನೆ. ಅತ್ತೆ ಬೈಯುತ್ತಾಳೆ, ಗಂಡ ಗುಡುಗುತ್ತಾನೆ, ಹಿರಿಯರು ತಲೆ ತೂಗುತ್ತಾರೆ. ಕಡೆಗೆ ಹುಡುಗಿಯ ತಾಯಿಯೇ ನನ್ನ ಕಿವಿಯಲ್ಲಿ ಕೇಳುತ್ತಾಳೆ: "ಹೊಳ್ಳಿ ಹೋಗಲಿಲ್ಲಂದ್ರ ಇಕಿ ಉಣ್ಣೂದೇನ್ರಿ ಬಾಯಾರ?" ನಮ್ಮ ಘೋಷಣೆಗಳೆಲ್ಲ ಆ ಪ್ರಶ್ನೆಯ ಮುಂದೆ ಬಂದು ನಿಲ್ಲುತ್ತವೆ. ನಾನೂ ಎಷ್ಟೋ ಸಲ ಸುಮ್ಮನೆ ನಿಂತಿದ್ದೇನೆ, ಹುಡುಗಿಯನ್ನು ಅದೇ ಮನೆಗೆ ಕಳಿಸಿದ್ದೇನೆ.

ಸರಕಾರ ಆ ಪ್ರಶ್ನೆಗೆ ಕೊಟ್ಟ ಉತ್ತರ ನಿಮಗೆಲ್ಲ ಗೊತ್ತಿದೆ. ಉಳಿತಾಯ ಮಾಡಿ, ಸಾಲ ತೆಗೆದುಕೊಳ್ಳಿ, ತರಬೇತಿ ಪಡೆಯಿರಿ. 2000-01ರಲ್ಲಿ ಸ್ತ್ರೀಶಕ್ತಿ ಬಂತು, ಮುಂದೆ ಸಂಜೀವಿನಿ ಬಂತು. ಮೇಣದ ಬತ್ತಿ, ಫಿನಾಯಿಲು, ಉಪ್ಪಿನಕಾಯಿ, ಹಪ್ಪಳ, ಹೊಲಿಗೆ, ಎಲ್ಲವನ್ನೂ ಕಲಿಸಿದರು. ಪ್ರಮಾಣಪತ್ರ ಕೊಟ್ಟು ಫೋಟೋ ತೆಗೆಸಿದರು. ಕೊಳ್ಳುವವರು ಯಾರು ಎಂದು ಮಾತ್ರ ಹೇಳಲಿಲ್ಲ. ಒಂದೇ ಓಣಿಯಲ್ಲಿ ಆರು ಸಂಘ ಫಿನಾಯಿಲು ಮಾಡಿದರೆ ಅದನ್ನು ಕುಡಿಯಬೇಕೆ?

ಆದರೆ ಊರಲ್ಲಿ ಎಲ್ಲರಿಗಿಂತ ದೊಡ್ಡ ಗಿರಾಕಿ ಒಬ್ಬ ಇದ್ದಾನೆ. ಅವನೇ ಸರಕಾರ. ಹಾಸ್ಟೆಲ್ ಮಕ್ಕಳ ಸಮವಸ್ತ್ರ, ಹಾಸಿಗೆಯ ಚಾದರ, ಆಸ್ಪತ್ರೆಯ ಪರದೆ, ಅಂಗನವಾಡಿಯ ಹಿಟ್ಟು, ಕಚೇರಿಯ ನೆಲ ಒರೆಸುವ ಬಟ್ಟೆ, ಅದೇ ಫಿನಾಯಿಲು, ಸಭೆಯ ಊಟ. ಇವೆಲ್ಲ ಹೆಂಗಸರು ಮನೆಯಲ್ಲಿ ಕೂಲಿಯಿಲ್ಲದೆ ಮಾಡುತ್ತ ಬಂದ ಕೆಲಸಗಳೇ. ಸರಕಾರ ಅದನ್ನೇ ರೊಕ್ಕ ಕೊಟ್ಟು ಕೊಳ್ಳಲು ಹೊರಟ ಕೂಡಲೆ ಅದು "ಸರಬರಾಜು" ಆಗಿಬಿಡುತ್ತದೆ, ಗಂಡಸರ ಕೆಲಸವಾಗಿಬಿಡುತ್ತದೆ.

ನಮ್ಮದೇ ಅನುಭವ ಹೇಳುತ್ತೇನೆ. 2017ರಲ್ಲಿ ನಮ್ಮ ಹೊಲಿಗೆ ಗುಂಪಿನಲ್ಲಿ 14 ಜನ ಇದ್ದೆವು. ಯಂತ್ರ 9. ಅವರಲ್ಲಿ ಐದು ಜನ ಗಂಡನ ಮನೆ ಬಿಟ್ಟು ಬಂದವರು, ಇಬ್ಬರು ವಿಧವೆಯರು. ಹಾಸ್ಟೆಲುಗಳಿಗೆ ಸಮವಸ್ತ್ರ ಹೊಲಿಸುವ ಟೆಂಡರು ಕರೆದಿದ್ದಾರೆ ಎಂದು ತಿಳಿದು ಮೂವರು ಆ ಕಚೇರಿಗೆ ಹೋದೆವು. ಅಧಿಕಾರಿ ಒರಟು ಮನುಷ್ಯನಲ್ಲ, ಕೂಡ್ರಿ ಎಂದರು, ಚಹಾನೂ ತರಿಸಿದರು. ಆಮೇಲೆ ಷರತ್ತುಗಳ ಹಾಳೆ ಮುಂದೆ ತಳ್ಳಿದರು. ಹಿಂದಿನ ಮೂರು ವರ್ಷ ವರ್ಷಕ್ಕೆ 50 ಲಕ್ಷ ರೂಪಾಯಿ ವಹಿವಾಟು ತೋರಿಸಬೇಕು. ಇಷ್ಟೇ ದೊಡ್ಡ ಸರಬರಾಜು ಹಿಂದೆ ಮಾಡಿದ ಪ್ರಮಾಣಪತ್ರ ಬೇಕು. ಇಡೀ ಜಿಲ್ಲೆಗೆ ಒಂದೇ ಟೆಂಡರು. ಠೇವಣಿ ನಮ್ಮ ಸಂಘದ ಒಟ್ಟು ಉಳಿತಾಯಕ್ಕಿಂತ ಹೆಚ್ಚು.

"ಸಾಹೇಬ್ರ, ನಮಗ ಒಂದು ತಾಲ್ಲೂಕಿನ ಕೆಲಸ ಕೊಡ್ರಿ, ಹೊಲದು ತೋರಸ್ತೀವಿ" ಎಂದೆ.

"ಅನುಭವ ಇಲ್ದವರಿಗೆ ಹ್ಯಾಂಗ ಕೊಡೂದ್ರಿ ಅಕ್ಕಾರ?" ಎಂದರು ಅವರು.

ಒಂದೂವರೆ ತಿಂಗಳ ನಂತರ ನಮ್ಮ ಸಂಘದ ಬಾಗಿಲಿಗೆ ಒಂದು ಟೆಂಪೊ ಬಂತು. ತುಂಬ ಕತ್ತರಿಸಿದ ಬಟ್ಟೆ. ಟೆಂಡರು ಗೆದ್ದವನ ಮನುಷ್ಯ ಬಂದಿದ್ದ. ಅಂಗಿಗೆ ಇಷ್ಟು, ಚಡ್ಡಿಗೆ ಇಷ್ಟು, ಹೊಲಿದು ಕೊಡುತ್ತೀರಾ ಎಂದು ಕೇಳಿದ. ಗೆಳತಿಯರೆ, ಅದೇ ಹಾಸ್ಟೆಲಿನ ಅದೇ ಸಮವಸ್ತ್ರ. ಅನುಭವ ಇಲ್ಲದ ಅದೇ ಕೈಗಳು. ಕೆಲಸವಿಲ್ಲದ ತಿಂಗಳು ಅದು, ನಾವು ಹೊಲಿದೆವು. ಕಚೇರಿ ಒಂದು ಅಂಗಿಗೆ ಎಷ್ಟು ಕೊಟ್ಟಿತು ಎಂದು ತಿಳಿಯಲು ಆಮೇಲೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆವು. ಹೊಲಿಗೆಗೆಂದು ಬರೆದ ದರದ ಅರ್ಧವೂ ನಮ್ಮ ಕೈಗೆ ಬಂದಿರಲಿಲ್ಲ. ಮೇಲ್ಮನವಿ ಹೋಗೋಣವೆಂದರೆ, ಟೆಂಡರು ಹಾಕಿದವರಿಗೆ ಮಾತ್ರ ಆ ಹಕ್ಕು, ಅದೂ 30 ದಿನದೊಳಗೆ ಎಂದು ವಕೀಲರು ಹೇಳಿದರು. ಹಾಕಲು ಬಿಡದ ಷರತ್ತು ಅವರದೇ, ಹಾಕಲಿಲ್ಲವಲ್ಲ ಎಂಬ ಮಾತೂ ಅವರದೇ.

ಈಗ ಕಾಯ್ದೆ ಏನನ್ನುತ್ತದೆ ನೋಡಿ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದ ಸರಕಾರ ಇಷ್ಟು ಪಾಲು ಕೊಳ್ಳಲೇಬೇಕು ಎಂದು ಕೇಂದ್ರ ಸರಕಾರ 2012ರಲ್ಲಿ ಆದೇಶ ಮಾಡಿತು. ಮೊದಲು ಅದು ಶೇಕಡ 20 ಇತ್ತು, ಅದರೊಳಗೆ ಶೇಕಡ 4 ಪರಿಶಿಷ್ಟ ಜಾತಿ ಮತ್ತು ಪಂಗಡದವರ ಉದ್ಯಮಗಳಿಗೆ. 2018ರ ನವೆಂಬರಿನಲ್ಲಿ ತಿದ್ದಿ ಒಟ್ಟು ಪಾಲನ್ನು ಶೇಕಡ 25ಕ್ಕೆ ಏರಿಸಿದರು, ಮಹಿಳೆಯರ ಉದ್ಯಮಗಳಿಗೆ ಶೇಕಡ 3 ಎಂದು ಮೊದಲ ಬಾರಿಗೆ ಸೇರಿಸಿದರು. ಠೇವಣಿಯಿಲ್ಲ, ಟೆಂಡರ್ ಅರ್ಜಿಗೆ ಶುಲ್ಕವಿಲ್ಲ. ಅತಿ ಕಡಿಮೆ ದರ ಹೇಳಿದವರಿಗಿಂತ ನಮ್ಮ ದರ ಶೇಕಡ 15ರವರೆಗೆ ಹೆಚ್ಚಿದ್ದರೂ, ಆ ಕಡಿಮೆ ದರಕ್ಕೆ ಒಪ್ಪಿದರೆ ಕೆಲಸದ ಒಂದು ಪಾಲು ನಮಗೆ ಸಿಗಬೇಕು. 358 ಸಾಮಾನುಗಳನ್ನು ಸಣ್ಣವರಿಂದ ಮಾತ್ರ ಕೊಳ್ಳಬೇಕೆಂದು ಪಟ್ಟಿ ಮಾಡಿದ್ದಾರೆ. ಧೂಳು ಒರೆಸುವ ಹತ್ತಿ ಬಟ್ಟೆ ಅದರಲ್ಲಿದೆ, ಚಪ್ಪಲಿ ಇದೆ.

ನೂರರಲ್ಲಿ ಮೂರು. ಜನಸಂಖ್ಯೆಯಲ್ಲಿ ಅರ್ಧ ಇರುವವರಿಗೆ ಮೂರು! ಅಷ್ಟಾದರೂ ಬಂತಲ್ಲ ಎಂದು ಸಮಾಧಾನ ಮಾಡಿಕೊಳ್ಳುವವರಿಗೆ ಒಂದು ಮಾತು. ಅಮೆರಿಕದಲ್ಲಿ 1994ರ ಕಾಯ್ದೆಯಲ್ಲಿ ಸರಕಾರಿ ಗುತ್ತಿಗೆಯ ಶೇಕಡ 5 ಮಹಿಳೆಯರ ಉದ್ಯಮಗಳಿಗೆ ಎಂದು ಗುರಿ ಹಾಕಿಕೊಂಡರು. ಆ ಗುರಿ ಮೊದಲ ಬಾರಿಗೆ ಮುಟ್ಟಿದ್ದು 2015ನೇ ಹಣಕಾಸು ವರ್ಷದಲ್ಲಿ. ಇಪ್ಪತ್ತು ವರ್ಷಕ್ಕೂ ಹೆಚ್ಚು! ನಮ್ಮಲ್ಲೂ ಪರಿಶಿಷ್ಟರ ಆ ಶೇಕಡ 4 ಕಾಗದದಲ್ಲೇ ಉಳಿಯಿತು, ಅದನ್ನು ಮುಟ್ಟಿಸಲೆಂದೇ 2016ರಲ್ಲಿ ಒಂದು ರಾಷ್ಟ್ರೀಯ ಹಬ್ ತೆರೆಯಬೇಕಾಯಿತು. ಬೆನ್ನು ಹತ್ತದಿದ್ದರೆ ಯಾವ ಸರಕಾರದ ಗುರಿಯೂ ತಾನಾಗಿ ನಡೆದು ಬರುವುದಿಲ್ಲ.

ಇನ್ನೂ ದೊಡ್ಡ ತೊಡಕು ಬೇರೆ ಇದೆ. ಈ ಆದೇಶ ಕೇಂದ್ರದ ಇಲಾಖೆಗಳಿಗೆ ಮತ್ತು ಕೇಂದ್ರದ ಕಾರ್ಖಾನೆ, ಕಂಪನಿಗಳಿಗೆ ಮಾತ್ರ. ರೈಲ್ವೆಗೆ ಅನ್ವಯಿಸುತ್ತದೆ, ಎಚ್.ಎ.ಎಲ್.ಗೆ ಅನ್ವಯಿಸುತ್ತದೆ. ನಮ್ಮ ಓಣಿಯ ಅಂಗನವಾಡಿ, ನಮ್ಮ ಹಾಸ್ಟೆಲು, ನಮ್ಮ ತಾಲ್ಲೂಕು ಆಸ್ಪತ್ರೆ ರಾಜ್ಯ ಸರಕಾರದ ಕೈಯಲ್ಲಿವೆ. ಅಲ್ಲಿ ನಡೆಯುವುದು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999. ಆ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ತಂದು 50 ಲಕ್ಷದವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇಕಡ 17.15, ಪಂಗಡಕ್ಕೆ 6.95 ಮೀಸಲಿಟ್ಟರು. 2023ರಲ್ಲಿ ಮಿತಿಯನ್ನು 1 ಕೋಟಿಗೆ ಏರಿಸಿದರು. ಒಳ್ಳೆಯದೇ ಮಾಡಿದರು, ದಲಿತ ಸಂಘಟನೆಗಳು ಹೋರಾಡಿ ಪಡೆದದ್ದು ಅದು. 2025ರ ಮಾರ್ಚಿನಲ್ಲಿ ಅದೇ ಕಾಯ್ದೆಯ ಇನ್ನೊಂದು ತಿದ್ದುಪಡಿಗೆ ವಿಧಾನಮಂಡಲದಲ್ಲಿ ಎಷ್ಟು ಗದ್ದಲ ಆಯಿತು ಎಂದು ನೀವೂ ಟಿ.ವಿ.ಯಲ್ಲಿ ನೋಡಿದ್ದೀರಿ. ಯಾವ ಧರ್ಮದವರಿಗೆ ಎಷ್ಟು, ಯಾವ ಜಾತಿಯವರಿಗೆ ಎಷ್ಟು ಎಂದು ದಿನವಿಡೀ ಕೂಗಾಡಿದರು. ಹೆಣ್ಣಿಗೆ ಎಷ್ಟು ಎಂಬ ಮಾತು ನನ್ನ ಕಿವಿಗೆ ಬೀಳಲಿಲ್ಲ. ಎಲ್ಲ ಜಾತಿಯ, ಎಲ್ಲ ಧರ್ಮದ ಗಂಡಸರು ಈ ಒಂದು ವಿಷಯದಲ್ಲಿ ಎಷ್ಟು ಚೆನ್ನಾಗಿ ಹೊಂದಿಕೊಂಡು ಹೋಗುತ್ತಾರೆ!

ಪಾಲು ಕೊಡಿ ಎಂದು ಕೇಳುವಾಗಲೇ ಆ ಪ್ಲಾಸ್ಟಿಕ್ ಚೀಲದ ಹುಡುಗಿ ನನ್ನ ಕಣ್ಣಿಗೆ ಕಟ್ಟುತ್ತಾಳೆ. ಹೆಸರಿಗೆ ಪಾಲು ಕೊಟ್ಟು ಕೈ ತೊಳೆದುಕೊಂಡರೆ ಇನ್ನಷ್ಟು ಹುಡುಗಿಯರ ಹೆಸರಿನಲ್ಲಿ ಇನ್ನಷ್ಟು ನೋಟೀಸು ಬರುತ್ತವೆ. ಪಂಚಾಯ್ತಿಯಲ್ಲಿ ಅಧ್ಯಕ್ಷೆಯ ಕುರ್ಚಿಯಲ್ಲಿ ಗಂಡ ಕೂತದ್ದನ್ನು ನಾವು ನೋಡಿಲ್ಲವೆ? ಅಲ್ಲಿಯಾದರೂ ಊರ ಮುಂದೆ ನಡೆಯುತ್ತದೆ, ಕೇಳಬಹುದು. ಟೆಂಡರು ನಡೆಯುವುದು ಕಂಪ್ಯೂಟರಿನಲ್ಲಿ. ಅಲ್ಲಿ ನಮ್ಮ ಸಹಿ ಎಂದರೆ ಡಿಜಿಟಲ್ ಸಹಿ, ಪೆನ್‌ಡ್ರೈವಿನಂಥ ಒಂದು ತುಂಡು. ಅದು ಯಾರ ಜೇಬಿನಲ್ಲಿದೆಯೋ ಅವರೇ ನಾವು. ನಾನು ಕೇಳಿನೋಡಿದ ಮಟ್ಟಿಗೆ ಅದು ಗಂಡನ ಜೇಬಿನಲ್ಲಿ, ಮೈದುನನ ಜೇಬಿನಲ್ಲಿ, ಇಲ್ಲವೆ ಸೈಬರ್ ಅಂಗಡಿಯವನ ಡ್ರಾಯರಿನಲ್ಲಿ ಇರುತ್ತದೆ. ಕಾಯ್ದೆಯ ಪ್ರಕಾರ ಒಡತಿ ಮಹಿಳೆಯಾಗಿರಬೇಕು, ಪಾಲುದಾರಿಕೆಯಾದರೆ ಕನಿಷ್ಠ ಶೇಕಡ 51 ಪಾಲು ಮಹಿಳೆಯರದಾಗಿರಬೇಕು, ಅಷ್ಟೇ. ಆ 51ರ ರೊಕ್ಕ ಯಾರ ಕೈಯಲ್ಲಿ ಎಣಿಕೆಯಾಗುತ್ತದೆ ಎಂದು ನೋಡುವವರಿಲ್ಲ.

ಇದು ಗಂಡಹೆಂಡಿರ ಮಟ್ಟದಲ್ಲಿ ಮಾತ್ರ ನಡೆಯುವ ಮೋಸ ಎಂದು ತಿಳಿಯಬೇಡಿ. ದೊಡ್ಡ ಕಂಪನಿಗಳೂ ನಮ್ಮ ಸಂಘಗಳನ್ನು ಹೆಂಡತಿಯಂತೆಯೇ ಬಳಸಿಕೊಂಡಿವೆ. ಅಂಗನವಾಡಿಗೆ ಆಹಾರ ಸರಬರಾಜು ಮಾಡಲು ಗುತ್ತಿಗೆದಾರರನ್ನು ಬಳಸಕೂಡದು, ಆದಷ್ಟೂ ಗ್ರಾಮ ಸಮುದಾಯ, ಸ್ವಸಹಾಯ ಸಂಘ, ಮಹಿಳಾ ಮಂಡಳಗಳ ಮೂಲಕ ಮಾಡಿಸಬೇಕು ಎಂದು ಸುಪ್ರೀಂ ಕೋರ್ಟು 2004ರ ಅಕ್ಟೋಬರ್ 7ರಂದೇ ಹೇಳಿತು. ಆಹಾರದ ಹಕ್ಕಿನ ಮೊಕದ್ದಮೆ ಅದು. ನಮ್ಮಂಥವರಿಗೆ ಅಷ್ಟು ಸ್ಪಷ್ಟವಾಗಿ ಬಾಗಿಲು ತೆರೆದ ಆದೇಶ ಇನ್ನೊಂದನ್ನು ನಾನು ಕಂಡಿಲ್ಲ. ಆಮೇಲೆ ಏನಾಯಿತು? ಮಹಾರಾಷ್ಟ್ರದಲ್ಲಿ ಮಹಿಳಾ ಮಂಡಳಗಳ ಹೆಸರಿನ ಹಿಂದೆ ಖಾಸಗಿ ಕಂಪನಿಗಳಿವೆ ಎಂದು ಆ ಕೋರ್ಟಿನ ಆಯುಕ್ತರೇ 2012ರಲ್ಲಿ ವರದಿ ಕೊಟ್ಟರು. 2016ರಲ್ಲಿ ಅಲ್ಲಿನ ಸರಕಾರ ಕರೆದ ಟೆಂಡರಿನ ಷರತ್ತುಗಳು ಸಣ್ಣ ಸಂಘಗಳನ್ನು ಹೊರಗಿಡುವಂತಿದ್ದವು. ಒಂದು ಮಹಿಳಾ ಬಚತ್ ಗಟ್, ಅಂದರೆ ನಮ್ಮಂಥದೇ ಒಂದು ಉಳಿತಾಯ ಸಂಘ, ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2019ರ ಫೆಬ್ರವರಿಯಲ್ಲಿ ಕೋರ್ಟು ಆ ಟೆಂಡರನ್ನು ರದ್ದುಮಾಡಿತು. ಚೆನ್ನಾಗಿ ನೆನಪಿಡಿ, ವಹಿವಾಟಿನ ಷರತ್ತು ದೇವರು ಬರೆದದ್ದಲ್ಲ, ಅದನ್ನು ಅಳಿಸಬಹುದು. ನಮ್ಮ ರಾಜ್ಯದಲ್ಲೂ ಮಹಿಳೆಯರ ಹೆಸರಿನ ಪೌಷ್ಟಿಕ ಆಹಾರ ತಯಾರಿಕಾ ಕೇಂದ್ರಗಳ ಹಿಂದೆ ಖಾಸಗಿಯವರ ಕೈ ಇದೆ ಎಂಬ ದೂರಿನ ಮೇಲೆ 2011-12ರ ಸುಮಾರಿಗೆ ಲೋಕಾಯುಕ್ತ ತನಿಖೆ ನಡೆದದ್ದು ನಿಮಗೆ ನೆನಪಿರಬಹುದು.

ಹಾಗಾದರೆ ಹೆಂಗಸರಿಂದ ಆಗುವುದೇ ಇಲ್ಲವೆ? ಗುಣಮಟ್ಟ, ಸಮಯ, ಲೆಕ್ಕ ಇವೆಲ್ಲ ಸಂಘಗಳಿಗೆ ಸಾಧ್ಯವೆ ಎಂದು ಮೂಗು ಮುರಿಯುವ ಅಧಿಕಾರಿಗಳಿಗೆ ಕಾಸರಗೋಡಿಗೆ ಹೋಗಿಬನ್ನಿ ಎನ್ನುತ್ತೇನೆ. ಅಲ್ಲಿನ ಸಿ.ಪಿ.ಸಿ.ಆರ್.ಐ. ವಿಜ್ಞಾನಿಗಳು ಅಳತೆ ಹೇಳಿಕೊಟ್ಟ ಅಮೃತಂ ನ್ಯೂಟ್ರಿಮಿಕ್ಸ್ ಎಂಬ ಮಕ್ಕಳ ಹಿಟ್ಟನ್ನು ಕೇರಳದಾದ್ಯಂತ ಕುಟುಂಬಶ್ರೀ ಹೆಂಗಸರ ಘಟಕಗಳೇ ಮಾಡಿ ಅಂಗನವಾಡಿಗೆ ಕೊಡುತ್ತ ಬಂದಿವೆ. ಒಡಿಶಾದಲ್ಲಿ 2011ರಿಂದ ಮಕ್ಕಳ ಛತುವಾ ಹಿಟ್ಟನ್ನು ಸ್ವಸಹಾಯ ಸಂಘಗಳಿಗೇ ವಹಿಸಿದರು. ತಮಿಳುನಾಡಿನಲ್ಲಿ ಶಾಲಾ ಮಕ್ಕಳ ಸಮವಸ್ತ್ರವನ್ನು ಮಹಿಳಾ ಹೊಲಿಗೆ ಸಹಕಾರ ಸಂಘಗಳ ಸದಸ್ಯೆಯರು ಹೊಲಿಯುತ್ತಾರೆ, ಕತ್ತರಿಸಿದ ಬಟ್ಟೆ ಸಂಘದಿಂದ ಮನೆಗೆ ಬರುತ್ತದೆ. ಅದೇ ಕೆಲಸವನ್ನು ನಾವು ಕಳ್ಳರಂತೆ ಮಧ್ಯವರ್ತಿಯ ಟೆಂಪೊದಿಂದ ಇಳಿಸಿಕೊಂಡೆವು. ಅಲ್ಲಿನ ಹೆಂಗಸರಿಗೆ ಏನು ಹತ್ತು ಬೆರಳಿಗಿಂತ ಹೆಚ್ಚು ಇದ್ದಾವೆಯೆ? ಅಲ್ಲಿ ಕೆಲಸವನ್ನು ಸಣ್ಣ ತುಂಡು ಮಾಡಿ ಹಂಚಿದರು. ಇಲ್ಲಿ ದೊಡ್ಡ ಗಂಟು ಕಟ್ಟಿ, ಎತ್ತಲಾರಿರಿ ಎಂದು ನಮ್ಮನ್ನೇ ಬೈಯುತ್ತಾರೆ.

ನಮ್ಮ ಚಳವಳಿಯ ಕೆಲವು ಗೆಳತಿಯರಿಗೆ ಈ ಮಾತು ರುಚಿಸುವುದಿಲ್ಲ, ಅದೂ ನನಗೆ ಗೊತ್ತು. "ಗುತ್ತಿಗೆದಾರರ ವಿರುದ್ಧ ಹೋರಾಡಿದ ನಾವೇ ಗುತ್ತಿಗೆದಾರರಾಗಬೇಕೆ? ಲಂಚದ ಕೆಸರಿಗೆ ಹೆಂಗಸರನ್ನೂ ಎಳೆಯಬೇಕೆ?" ಎಂದು ಒಬ್ಬ ಹಿರಿಯ ಗೆಳತಿ ಕೇಳಿದರು. ಪ್ರಶ್ನೆ ಸುಳ್ಳಲ್ಲ. ಕಾಮಗಾರಿಗೆ ಶೇಕಡ 40 ಕಮಿಷನ್ ಕೇಳುತ್ತಾರೆ ಎಂದು 2021ರಲ್ಲಿ ರಾಜ್ಯದ ಗುತ್ತಿಗೆದಾರರ ಸಂಘವೇ ಪ್ರಧಾನಿಗೆ ಪತ್ರ ಬರೆದು ಆರೋಪ ಮಾಡಿತ್ತು. ಮೀಸೆ ತಿರುವುವ ಗಂಡಸರ ಗತಿಯೇ ಅದಾದರೆ ನಮ್ಮ ಗತಿಯೇನು? ಸಂಘ ಎಂಬ ಹೆಸರಿನಲ್ಲಿ ಹೆಂಗಸರನ್ನು ಅಗ್ಗದ ಕೂಲಿಗೆ ದುಡಿಸಿಕೊಳ್ಳುವ ಚಾಳಿಯೂ ಸರಕಾರಕ್ಕೆ ಇದೆ, ಬಿಸಿಯೂಟದ ಅಡುಗೆಯವರನ್ನು ಕೇಳಿನೋಡಿ, ಸಂಬಳ ಅನ್ನುವುದಿಲ್ಲ, ಗೌರವಧನ ಅನ್ನುತ್ತಾರೆ. ಇದನ್ನೆಲ್ಲ ಒಪ್ಪುತ್ತೇನೆ. ಆದರೆ ಆ ಗೆಳತಿಗೆ ನಾನು ಹೇಳಿದ್ದು ಇಷ್ಟೆ. ಅಕ್ಕ, ನಾವು ಆ ಕೆಸರಿನಲ್ಲಿ ಈಗಾಗಲೇ ಇದ್ದೇವೆ. ಠೇವಣಿಗೆ ನಮ್ಮ ಅಪ್ಪಂದಿರ ಹೊಲ ಹೋಗಿದೆ, ಸರಬರಾಜಿಗೆ ನಮ್ಮ ಬೆರಳು ಸವೆದಿದೆ, ನೋಟೀಸಿಗೆ ನಮ್ಮ ಹೆಸರು ಸಿಕ್ಕಿದೆ. ಬಿಲ್ಲು ಮಾತ್ರ ಬಂದಿಲ್ಲ.

ಬಿಲ್ಲಿನ ಮಾತು ಬಂತು. ಸಣ್ಣವರನ್ನು ಕೊಲ್ಲುವುದು ಟೆಂಡರಿಗಿಂತ ಹೆಚ್ಚಾಗಿ ಬಿಲ್ಲು. 2021ರಲ್ಲಿ ಬಿ.ಕಾಂ. ಓದುತ್ತಿದ್ದ ನಮ್ಮ ಸದಸ್ಯೆಯೊಬ್ಬರ ಮಗಳು ಕೂತು ನಮ್ಮ ಗುಂಪನ್ನು ಉದ್ಯಮ್‌ನಲ್ಲಿ ನೋಂದಾಯಿಸಿದಳು, ಆಮೇಲೆ ಸರಕಾರದ ಖರೀದಿ ಮಾರುಕಟ್ಟೆ ಜೆಮ್‌ನಲ್ಲಿ. ಐದು ತಿಂಗಳು ಏನೂ ಇಲ್ಲ. ಆಮೇಲೆ ಕೇಂದ್ರದ ಒಂದು ಕಚೇರಿಯಿಂದ 400 ಒರೆಸುವ ಬಟ್ಟೆಗೆ ಆದೇಶ ಬಂತು. ಹುಡುಗಿ ಮೊಬೈಲು ಹಿಡಿದು ಓಡಿಬಂದದ್ದು ಈಗಲೂ ಕಣ್ಣ ಮುಂದಿದೆ. ಎರಡು ದಿನದಲ್ಲಿ ಹೊಲಿದು, ಇಸ್ತ್ರಿ ಮಾಡಿ (ಒರೆಸುವ ಬಟ್ಟೆಗೆ ಇಸ್ತ್ರಿ ಯಾಕವ್ವ ಎಂದು ನಕ್ಕವರೂ ಇದ್ದರು) ಕಳಿಸಿದೆವು. ರೊಕ್ಕ ಬಂದದ್ದು ಮೂರು ತಿಂಗಳಿಗೆ. ಅಷ್ಟರಲ್ಲಿ ಬಟ್ಟೆ ಅಂಗಡಿಯವನು ಬಾಗಿಲಿಗೆ ಬಂದಿದ್ದ, ಒಬ್ಬಳು ಸದಸ್ಯೆ ಕಿವಿಯ ಬೆಂಡೋಲೆ ಒತ್ತೆ ಇಟ್ಟಿದ್ದಳು. 2006ರ ಕಾಯ್ದೆಯ ಪ್ರಕಾರ ಸೂಕ್ಷ್ಮ, ಸಣ್ಣ ಉದ್ಯಮಕ್ಕೆ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು, ತಡವಾದರೆ ರಿಸರ್ವ್ ಬ್ಯಾಂಕಿನ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು, ದೂರು ಕೇಳಲು ರಾಜ್ಯದಲ್ಲಿ ಮಂಡಳಿಯೂ ಇದೆ ಎಂದು ನಮಗೆ ತಿಳಿದದ್ದು ಆಮೇಲೆ. ದೂರು ಕೊಡೋಣ ಎಂದರೆ ಸದಸ್ಯೆಯರೇ ಬೇಡ ಎಂದರು. ಇನ್ನೊಂದು ಆದೇಶ ಬರದೆ ಹೋದರೆ ಎಂಬ ಹೆದರಿಕೆ. ಹೊಡೆದ ಗಂಡನ ಮೇಲೆ ದೂರು ಕೊಡುವಾಗಲೂ ಇದೇ ಹೆದರಿಕೆಯನ್ನೇ ಅಲ್ಲವೆ ನಾವು ನೋಡುವುದು?

ಆದರೂ ಆ 400 ಬಟ್ಟೆಯ ರೊಕ್ಕ ಸಂಘದ ಖಾತೆಗೆ ಬಂತು, ಅಲ್ಲಿಂದ ಹೊಲಿದವರ ಖಾತೆಗೆ ಹೋಯಿತು. ಯಾರ ಗಂಡನ ಕೈಯೂ ನಡುವೆ ಬರಲಿಲ್ಲ. ನಮ್ಮ ಗುಂಪಿನ ಆ ಐದು ಜನರಲ್ಲಿ ಒಬ್ಬಳನ್ನು ಕರೆದುಕೊಂಡು ಹೋಗಲು ಅದೇ ವರ್ಷ ಗಂಡನ ಮನೆಯವರು ಬಂದಿದ್ದರು. ಅವಳು ಯಂತ್ರದಿಂದ ಏಳಲಿಲ್ಲ. "ಈ ಅಂಗಿ ಮುಗಸ್ತೀನ್ರಿ, ಕೂಡ್ರಿ" ಎಂದಳು. ಅವರು ಸಂಜೆಯವರೆಗೂ ಕೂತರು. ಕೊನೆಗೆ ಷರತ್ತು ಹಾಕಿದ್ದು ಅವಳು.

ಈಗ ಕೆಲಸದ ಮಾತು. ಉದ್ಯಮ್ ನೋಂದಣಿ ಪೂರ್ತಿ ಪುಕ್ಕಟೆ, ಸಾವಿರ ಎರಡು ಸಾವಿರ ಕೇಳುವ ದಲ್ಲಾಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಸಂಘದ ಹೆಸರಿನ ಪಾನ್, ಸಂಘದ ಠರಾವು, ಸಂಘದ ಬ್ಯಾಂಕ್ ಖಾತೆ ಮೊದಲು ಮಾಡಿಸಿಕೊಳ್ಳಿ. ಕೊಂಡು ಮಾರುವವರಿಗೆ ಈ ಖರೀದಿ ಪಾಲು ಇಲ್ಲ, ತಯಾರಿಸುವವರಿಗೆ, ಸೇವೆ ಕೊಡುವವರಿಗೆ ಮಾತ್ರ, ಆದ್ದರಿಂದ ಇದು ನಿಜವಾಗಿ ನಮ್ಮದೇ ಪಾಲು. ಡಿಜಿಟಲ್ ಸಹಿಯ ತುಂಡು ಮತ್ತು ಅದರ ಗುಟ್ಟಿನ ಅಂಕಿ ಸಂಘದ ಪೆಟ್ಟಿಗೆಯಲ್ಲಿ ಇರಲಿ, ಬೀಗದ ಕೈ ಇಬ್ಬರ ಬಳಿ ಇರಲಿ. ನೋಂದಣಿ, ಜಿ.ಎಸ್.ಟಿ., ಚೆಕ್ಕು ಏನೇ ಇರಲಿ, ನಿಮ್ಮ ಹೆಸರಿನಲ್ಲಿ ಮನೆಯವರು ಮಾಡಿಸುತ್ತೇವೆ ಎಂದರೆ ಸಂಘಕ್ಕೆ ತಂದು ಓದಿಸಿ, ಆಮೇಲೆ ಸಹಿ. ಮದುವೆ ಮಾತುಕತೆಯಲ್ಲಿ ಹುಡುಗ ಕಂಟ್ರಾಕ್ಟರು ಎಂದು ಗೊತ್ತಾದರೆ ಠೇವಣಿಯ ಮಾತು ಬಂದೇ ಬರುತ್ತದೆ, ಆ ದಿನವೇ ನಮಗೆ ತಿಳಿಸಿ. ವರದಕ್ಷಿಣೆ ನಿಷೇಧ ಕಾಯ್ದೆ, 1961 ಅದನ್ನು ವ್ಯಾಪಾರದ ಬಂಡವಾಳ ಎಂದು ಬೇರೆ ಕಣ್ಣಿನಿಂದ ನೋಡುವುದಿಲ್ಲ. ಮದುವೆಗಾಗಿ ಕೇಳಿದ್ದು, ಮದುವೆಯಾದ ಮೇಲೂ ಅದರ ಸಂಬಂಧವಾಗಿ ಕೇಳಿದ್ದು, ಎರಡೂ ವರದಕ್ಷಿಣೆಯೇ.

ಈ ವರ್ಷದ ಹಾಸ್ಟೆಲ್ ಸಮವಸ್ತ್ರದ ಟೆಂಡರು ಇನ್ನೂ ಕರೆದಿಲ್ಲ. ಕರೆಯುವ ಮೊದಲೇ ನಮ್ಮ ಜಿಲ್ಲೆಯ 11 ಸಂಘಗಳು ಸೇರಿ ಒಂದು ಅರ್ಜಿ ಬರೆದೆವು. ತಾಲ್ಲೂಕಿಗೊಂದರಂತೆ ಟೆಂಡರು ಒಡೆಯಿರಿ, ಸಂಘಗಳಿಗೆ ವಹಿವಾಟಿನ ಷರತ್ತು ಬೇಡ, ಹೊಲಿದದ್ದನ್ನು ನೋಡಿ ತೂಗಿ. ಬಿಲ್ಲು 45 ದಿನದಲ್ಲಿ ಸಂಘದ ಖಾತೆಗೇ ಬರಲಿ. ಮಹಿಳೆಯ ಹೆಸರಿನಲ್ಲಿ ಯಾರಾದರೂ ಟೆಂಡರು ಹಾಕಿದರೆ ಆ ಮಹಿಳೆಯನ್ನು ಒಂದು ಸಲ ಕಚೇರಿಗೆ ಕರೆದು, ಗಂಡನನ್ನು ಹೊರಗೆ ಕೂಡಿಸಿ, ಮಾತಾಡಿಸಿ. ಈ ಕೊನೆಯ ಸಾಲು ಓದಿದ ಗುಮಾಸ್ತರು ತಲೆ ಎತ್ತಿ ನೋಡಿದರು, "ಇದನ್ನ ಬರಿಲಿಕ್ಕ ಯಾರ್ ಹೇಳಿದ್ರಿ?" ಎಂದರು. ಪ್ಲಾಸ್ಟಿಕ್ ಚೀಲದ ಹುಡುಗಿ ನನ್ನ ಪಕ್ಕದಲ್ಲೇ ನಿಂತಿದ್ದಳು. "ನಾನ್ರಿ" ಎಂದಳು.

ಅರ್ಜಿಯ ಪ್ರತಿಗೆ ಮುದ್ರೆ, ದಿನಾಂಕ ಹಾಕಿಸಿಕೊಂಡು ಬಂದಿದ್ದೇವೆ. ಉತ್ತರಕ್ಕೆ ಒಂದು ತಿಂಗಳು ಕಾಯುತ್ತೇವೆ, ಬರದಿದ್ದರೆ 11 ಸಂಘದವರೂ ಯಂತ್ರಗಳನ್ನು ಟೆಂಪೊದಲ್ಲಿ ಹೇರಿಕೊಂಡು ಹೋಗಿ ಆ ಕಚೇರಿಯ ಪಡಸಾಲೆಯಲ್ಲಿ ಕೂತು ಹೊಲಿಯುವುದೆಂದು ಠರಾವಾಗಿದೆ.